ನಮಗೆ ಬೇಕಾದ ಅನುವಾದ

ಕಾಸರಗೋಡು ನಗರಸಭೆಯ ಅಧ್ಯಕ್ಷರಿಗೂ ಎಲ್ಲ ಕೌನ್ಸಿಲರರಿಗೂ, ಜಿಲ್ಲೆಯ ಉಳಿದ ನಗರಸಭೆ ಮತ್ತು ಪಂಚಾಯತುಗಳ ಸದಸ್ಯರಿಗೂ,

ಕಳೆದ ಮಳೆಗಾಲದಲ್ಲಿ ನನ್ನ ದೊಡ್ಡಮ್ಮ ತಮ್ಮ ಕೊಟ್ಟಿಗೆಯನ್ನು ತಾವೇ ಆಳು ಕರೆಸಿ ಕೆಡವಿಸಿದರು. ಕೆಡವಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಈ ಪತ್ರ ಬರೆಯಲು ನಾನು ಕೂತದ್ದು ಆ ಕಾರಣದಿಂದ.

ದೊಡ್ಡಮ್ಮನಿಗೆ ಎಪ್ಪತ್ತಾರು ಪ್ರಾಯ. ಜಿಲ್ಲೆಯ ಉತ್ತರದ ಒಂದು ಪಂಚಾಯತಿನಲ್ಲಿ, ಒಳರಸ್ತೆಯ ಬದಿಗೆ, ಅವರ ಹಂಚಿನ ಮನೆ. ಮನೆಯ ಪಕ್ಕಕ್ಕೆ ಮುರಕಲ್ಲಿನ ನಾಲ್ಕು ಕಂಬ ಎಬ್ಬಿಸಿ ಮೇಲೆ ಶೀಟು ಹೊದೆಸಿದ ಕೊಟ್ಟಿಗೆ ಇತ್ತು. ಅಡಿಕೆ ಗೋಣಿ ಇಡುವುದು, ಸೌದೆ ಒಟ್ಟುವುದು, ತೆಂಗಿನಕಾಯಿ ರಾಶಿ ಹಾಕುವುದು ಎಲ್ಲ ಅಲ್ಲೇ. ಒಂದು ದಿನ ಅಂಚೆಯವರು ರಿಜಿಸ್ಟರ್ಡ್ ಲಕೋಟೆ ತಂದು ಸಹಿ ಹಾಕಿಸಿಕೊಂಡು ಹೋದರು. ಒಳಗೆ ಒಂದೂವರೆ ಪುಟದ ನೋಟೀಸು, ಪೂರ್ತಿ ಮಲಯಾಳದಲ್ಲಿ. ದೊಡ್ಡಮ್ಮ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವರು. ಈಗಲೂ ಬೆಳಗ್ಗೆ ಕಾಫಿಯ ಜೊತೆಗೆ ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಮನೆಯೊಳಗೆ ತುಳು, ಓದಲು ಬರೆಯಲು ಕನ್ನಡ, ಅಂಗಡಿಗೆ ಬಸ್ಸಿಗೆ ಸಾಕಾಗುವಷ್ಟು ಮಲಯಾಳ. ಮಗ ಗಲ್ಫಿನಲ್ಲಿ. ಇಂಥ ಕಾಗದ ಬಂದರೆ ಓದಿ ಹೇಳಬೇಕಾದ ನಾನು ಆ ಹದಿನೈದು ದಿನ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೆ. ಅವರು ನೆರೆಮನೆಯ ಹುಡುಗನನ್ನು ಕರೆದು ಓದಿಸಿದರು. ಅವನು ಶಾಲೆಯಲ್ಲಿ ಮಲಯಾಳ ಕಲಿಯುತ್ತಿದ್ದಾನೆ. ಅಕ್ಷರ ಕೂಡಿಸಿ ಓದಬಲ್ಲ. ಕಚೇರಿಯ ಭಾಷೆ ಅವನಿಗೂ ದಕ್ಕುವಂಥದ್ದಲ್ಲ.

ಅವನು ಓದಿದ್ದರಲ್ಲಿ ದೊಡ್ಡಮ್ಮನ ಕಿವಿಗೆ ಬಿದ್ದದ್ದು ಮೂರು ಮಾತು. ಕ್ರಮ, ಅವಸರ, ಅವಸಾನ.

ಕನ್ನಡ ಬಲ್ಲ ಮುದುಕಿಯೊಬ್ಬಳಿಗೆ ಸರಕಾರದ ಮುದ್ರೆ ಇರುವ ಕಾಗದದಿಂದ ಈ ಮೂರು ಮಾತು ಕೇಳಿಸಿದರೆ ಏನಾಗುತ್ತದೆ ಎಂದು ತಾವೇ ಯೋಚಿಸಿ. ಕ್ರಮ ಕೈಗೊಳ್ಳುತ್ತಾರೆ, ಅವಸರ ಇದೆ, ಮುಂದೆ ಅವಸಾನ. ಅವರಿಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಮರುದಿನ ಬೆಳಗ್ಗೆ ತೋಟದ ಕೆಲಸಕ್ಕೆ ಬರುವ ಇಬ್ಬರನ್ನು ಕರೆದು ಶೀಟು ಇಳಿಸಿದರು. ಕಂಬ ಬೀಳಿಸಲು ಇನ್ನೊಂದು ದಿನ ಹಿಡಿಯಿತು. ಅಡಿಕೆ ಗೋಣಿಗಳನ್ನು ಚಾವಡಿಗೆ ಎಳೆದು ಹಾಕಿದರು. ಆಟಿಯ ಮಳೆ. ಚಾವಡಿಯ ಇರಚಲಿಗೆ ಐದು ಗೋಣಿ ಅಡಿಕೆ ಬೂಸಲು ಹಿಡಿಯಿತು.

ನಾನು ಊರಿಗೆ ಬಂದು ಆ ನೋಟೀಸನ್ನು ಓದಿದೆ. ಮಲಯಾಳದಲ್ಲಿ ‘ಕ್ರಮವಲ್ಕರಿಕ್ಕುಕ’ ಎಂದರೆ ಸಕ್ರಮ ಮಾಡಿಕೊಡುವುದು. ‘ಅವಸರಂ’ ಎಂದರೆ ಅವಕಾಶ. ‘ಅವಸಾನ ತೀಯತಿ’ ಎಂದರೆ ಕೊನೆಯ ದಿನಾಂಕ. ನೋಟೀಸಿನಲ್ಲಿ ಇದ್ದದ್ದು ಇಷ್ಟು: ಅನುಮತಿ ಇಲ್ಲದ ಕಟ್ಟಡ ಎಂದು ದೂರು ಬಂದಿದೆ, ನಿಮಗೆ ಹೇಳಲಿಕ್ಕಿರುವುದನ್ನು ಹೇಳಲು ಅವಕಾಶವಿದೆ, ಸಕ್ರಮಕ್ಕೆ ಅರ್ಜಿ ಕೊಡಬಹುದು, ಇಂಥ ದಿನಾಂಕ ಕೊನೆ. ದೊಡ್ಡಪ್ಪ ಆ ಕೊಟ್ಟಿಗೆ ಎಬ್ಬಿಸಿದ್ದು ನಾನು ಕೆಲಸಕ್ಕೆ ಸೇರುವ ಮೊದಲು. ಪಂಚಾಯತುಗಳಿಗೆಂದೇ ಕಟ್ಟಡ ನಿಯಮ ಬಂದದ್ದು 2011ರಲ್ಲಿ. ಹಳೆಯ ತೀರ್ವೆ ರಶೀದಿಯೊಂದನ್ನು ಅರ್ಜಿಗೆ ಸೇರಿಸಿ ಕೊಟ್ಟಿದ್ದರೆ ಆ ಕೊಟ್ಟಿಗೆ ಉಳಿಯುತ್ತಿತ್ತು.

ಸ್ಥಳ ನೋಡಲು ಓವರ್ಸಿಯರ್ ಬಂದಾಗ ನಾನು ಅಲ್ಲಿದ್ದೆ. ದಕ್ಷಿಣದ ಕಡೆಯ ಎಳೆಯ ಹುಡುಗ, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಕೈಯಲ್ಲಿ ಟೇಪು ಹಿಡಿದುಕೊಂಡು ಬಂದವನು ಖಾಲಿ ನೆಲ ನೋಡಿ ನಿಂತುಬಿಟ್ಟ. “ಅಮ್ಮೇ, ಪೊಳಿಕ್ಕಾನ್ ಪರಞ್ಞಿಲ್ಲಲ್ಲೋ” ಅಂದ. ಅಮ್ಮಾ, ಕೆಡವಲಿಕ್ಕೆ ಹೇಳಿರಲಿಲ್ಲವಲ್ಲ ಎಂದು. ಅವನ ಮುಖದಲ್ಲಿ ನಿಜವಾದ ಸಂಕಟ ಇತ್ತು. ದೊಡ್ಡಮ್ಮ ಅವನಿಗೆ ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. ಅವನ ಮೇಲೆ ನನಗೆ ಸಿಟ್ಟಿಲ್ಲ. ಯಾವ ಪಂಚಾಯತು ಎಂದು ಇಲ್ಲಿ ಬರೆಯುವುದೂ ಇಲ್ಲ, ಏಕೆಂದರೆ ತಪ್ಪು ಒಂದು ಕಚೇರಿಯದ್ದಲ್ಲ. ಆ ಹುಡುಗನಿಗೆ ದೊಡ್ಡಮ್ಮನ ಮನೆಯ ಜಾಗದ ಹಳೆಯ ಆಧಾರ ತೋರಿಸಿದೆವು. 1956ಕ್ಕೆ ಮೊದಲು ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತಲ್ಲ, ಚಾಲಗೇಣಿಯ ಆ ಕಾಗದ ಕನ್ನಡದಲ್ಲಿದೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. ಅವನಿಗೆ ನಮ್ಮ ಆಧಾರ ಓದಲು ಬಾರದು, ದೊಡ್ಡಮ್ಮನಿಗೆ ಅವನ ನೋಟೀಸು ಓದಲು ಬಾರದು. ಇಬ್ಬರೂ ಒಂದೇ ಅಂಗಳದಲ್ಲಿ, ಆ ಒಂದು ಕೊಟ್ಟಿಗೆಯ ವಿಷಯ ಮಾತಾಡುತ್ತಿದ್ದರು.

ನಾನು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದು ಪಬ್ಲಿಕ್ ಸರ್ವಿಸ್ ಕಮಿಷನ್ ನಮ್ಮ ಜಿಲ್ಲೆಯಲ್ಲಿ ಬೇರೆಯೇ ಹುದ್ದೆ ಕರೆಯುತ್ತದೆ. ನಾನು ಆ ದಾರಿಯಲ್ಲಿ ಬಂದವನು. ಹಾಗಾಗಿ ಕಚೇರಿಯ ಮೇಜಿನ ಎರಡೂ ಬದಿ ನನಗೆ ಗೊತ್ತು. ಕಟ್ಟಡ ನಿಯಮ ಎಂದರೆ ಬಡಪಾಯಿಗಳನ್ನು ಸತಾಯಿಸಲು ಮಾಡಿದ್ದು ಎಂದು ಹೇಳುವವರ ಜೊತೆ ನಾನು ಸೇರುವುದಿಲ್ಲ. ಒಂದೇ ನಿಯಮ ತೆಗೆದುಕೊಳ್ಳಿ. ಕುಡಿಯುವ ನೀರಿನ ಬಾವಿಯಿಂದ 7.5 ಮೀಟರಿನೊಳಗೆ ಕಕ್ಕಸಿನ ಇಂಗುಗುಂಡಿ ತೋಡಬಾರದು. ನಮ್ಮದು ಮುರಕಲ್ಲಿನ ನೆಲ. ಮಳೆ ಬಂದು ಅರ್ಧ ಗಂಟೆಯಲ್ಲಿ ಅಂಗಳ ಒಣಗುತ್ತದೆ, ಏಕೆಂದರೆ ಕಲ್ಲೇ ಜರಡಿಯಂತಿದೆ. ಮೇಲೆ ಸುರಿದದ್ದು ಹೇಗೆ ಇಳಿದು ಹೋಗುತ್ತದೋ ಗುಂಡಿಯಲ್ಲಿ ಇದ್ದದ್ದೂ ಹಾಗೆಯೇ ಬಾವಿಗೆ ಹೋಗುತ್ತದೆ. ಐದು ಸೆಂಟ್ಸಿನಲ್ಲಿ ಮನೆ ಕಟ್ಟುವವರು ನೆರೆಯವರ ಬಾವಿ ಎಲ್ಲಿದೆ ಎಂದು ನೋಡದೆ ಗುಂಡಿ ತೋಡಿದರೆ ಕಾಯಿಲೆ ಬೀಳುವುದು ನೆರೆಮನೆಯ ಮಗು. ಈ 7.5 ಮೀಟರಿನ ಸಂಗತಿ ಎಷ್ಟು ಮನೆಯವರಿಗೆ ಗೊತ್ತಿದೆ? ನಾನು ಕೇಳಿದ ಹತ್ತು ಜನರಲ್ಲಿ ಒಬ್ಬ ಮೇಸ್ತ್ರಿಗೆ ಮಾತ್ರ ಗೊತ್ತಿತ್ತು. ಉಳಿದವರು ‘ಅದೆಲ್ಲ ಪ್ಲಾನು ಮಾಡುವವರು ನೋಡಿಕೊಳ್ಳುತ್ತಾರೆ’ ಅಂದರು.

ಪ್ಲಾನು ಮಾಡುವವರು ನೋಡಿಕೊಳ್ಳುತ್ತಾರೆ ಎಂಬ ಈ ಮಾತಿನಲ್ಲೇ ಎಲ್ಲ ಇದೆ. 2019ರ ನವೆಂಬರಿನಲ್ಲಿ ಕೇರಳ ಸರಕಾರ ನಗರಸಭೆಗಳಿಗೂ ಪಂಚಾಯತುಗಳಿಗೂ ಹೊಸ ಕಟ್ಟಡ ನಿಯಮ ತಂದಿತು. ಆಮೇಲೆ ಚಿಕ್ಕ ಮನೆಗಳಿಗೆ ಸ್ವಯಂ ಪ್ರಮಾಣಪತ್ರದ ಪದ್ಧತಿ ಬಂತು. ಅಂದರೆ ಮನೆಯವರೂ ಪ್ಲಾನು ಮಾಡುವ ಲೈಸೆನ್ಸಿಯೂ ‘ಎಲ್ಲ ನಿಯಮದಂತೆ ಇದೆ’ ಎಂದು ಬರೆದು ಸಹಿ ಹಾಕಿದರೆ ಪರ್ಮಿಟ್ ಬೇಗ ಸಿಗುತ್ತದೆ. 2024ರ ಜನವರಿ 1ರಿಂದ ನಗರಸಭೆಗಳಲ್ಲಿ ಆನ್‌ಲೈನಿನಲ್ಲೇ ಅರ್ಜಿ ಕೊಡುವ ಕೆ-ಸ್ಮಾರ್ಟ್ ವ್ಯವಸ್ಥೆ ಬಂತು, 2025ರ ಏಪ್ರಿಲಿನಲ್ಲಿ ಪಂಚಾಯತುಗಳಿಗೂ ಬಂತು. ಕಚೇರಿಯ ಮೆಟ್ಟಿಲು ಹತ್ತುವ ಕಷ್ಟ ಕಡಿಮೆಯಾಯಿತು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಸ್ವಯಂ ಪ್ರಮಾಣ ಎಂದರೆ ಹೊಣೆ ಈಗ ಮನೆಯವರ ತಲೆಯ ಮೇಲೆ. ನಿಯಮ ತಪ್ಪಿದರೆ ದಂಡ ಅವರಿಗೆ, ಕೆಡವುವ ಖರ್ಚು ಅವರಿಗೆ. ಅಂಥ ಸಹಿಯನ್ನು, ತನಗೆ ಓದಲು ಬಾರದ ಭಾಷೆಯ ಕಾಗದಕ್ಕೆ, ಆನ್‌ಲೈನ್ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದ ಕುರ್ಚಿಯಲ್ಲಿ ಕೂತು ಒಬ್ಬರು ಹಾಕುತ್ತಾರೆ. ಒಟಿಪಿ ಹೇಳುತ್ತಾರೆ. ಮನೆಗೆ ಬರುತ್ತಾರೆ. ತಾನು ಏನನ್ನು ಪ್ರಮಾಣ ಮಾಡಿದೆ ಎಂದು ಅವರಿಗೆ ಗೊತ್ತಿಲ್ಲ.

ಇನ್ನೊಂದು ತೊಂದರೆ ದಿನಗಳ ಲೆಕ್ಕದ್ದು. ಅನಧಿಕೃತ ಕಟ್ಟಡದ ಮೇಲೆ ಮೊದಲು ತಾತ್ಕಾಲಿಕ ಆದೇಶ ಬರುತ್ತದೆ, ಜೊತೆಗೆ ಕಾರಣ ಕೇಳುವ ನೋಟೀಸು. ಉತ್ತರ ಬಾರದಿದ್ದರೆ ಅದು ಖಾಯಂ ಆಗುತ್ತದೆ. ಮತ್ತೆ ಮೇಲ್ಮನವಿಗೆ ಹೋಗಬೇಕಾದರೆ ಸ್ಥಳೀಯಾಡಳಿತ ಟ್ರಿಬ್ಯೂನಲ್ ಇರುವುದು ತಿರುವನಂತಪುರದಲ್ಲಿ, ನಮ್ಮಿಂದ ಐನೂರು ಕಿಲೋಮೀಟರಿಗೂ ಆಚೆ. ದಿನ ಎಣಿಸಲು ಶುರುವಾಗುವುದು ಕಾಗದ ಕೈಸೇರಿದಂದಿನಿಂದ. ಕಾಗದ ಅರ್ಥವಾದ ದಿನವನ್ನು ಯಾರೂ ಎಣಿಸುವುದಿಲ್ಲ. ಓದಿ ಹೇಳುವವರನ್ನು ಹುಡುಕುವುದರಲ್ಲೇ ಅರ್ಧ ಗಡುವು ಕಳೆದುಹೋದ ಮನೆಗಳನ್ನು ನಾನು ಕಂಡಿದ್ದೇನೆ.

ನಿಯಮ ಸಡಿಲವಾದರೆ ಏನಾಗುತ್ತದೆ ಎಂಬುದನ್ನು ಕೇರಳ ಕೊಚ್ಚಿಯ ಬಳಿಯ ಮರಡಿನಲ್ಲಿ ನೋಡಿತು. ಕರಾವಳಿ ನಿಯಂತ್ರಣ ವಲಯದಲ್ಲಿ 2006ರಲ್ಲಿ ಅಲ್ಲಿನ ಪಂಚಾಯತು ಪರ್ಮಿಟ್ ಕೊಟ್ಟಿತು; 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೆಡವಲು ಹೇಳಿತು; 2020ರ ಜನವರಿ 11 ಮತ್ತು 12ರಂದು ನಾಲ್ಕು ವಸತಿ ಸಮುಚ್ಚಯಗಳು ಸ್ಫೋಟಕದಿಂದ ನೆಲಕ್ಕೆ ಬಿದ್ದವು. ನಿಯಮ ಬಿಗಿಯಾಗಿದ್ದು ಮಾತು ಸರಿಯಾಗಿ ಮುಟ್ಟದಿದ್ದರೆ ಏನಾಗುತ್ತದೆ ಎಂಬುದನ್ನು ಪಕ್ಕದ ಕಣ್ಣೂರಿನ ಆಂತೂರು ನಗರಸಭೆಯಲ್ಲಿ 2019ರ ಜೂನಿನಲ್ಲಿ ನೋಡಿತು. ನೈಜೀರಿಯಾದಲ್ಲಿ ದುಡಿದ ಹಣದಿಂದ ಸಭಾಭವನ ಕಟ್ಟಿದ ಒಬ್ಬರು, ಅನುಮತಿಯ ಕಾಗದ ಸಿಗದೆ, ಜೀವ ಕಳೆದುಕೊಂಡರು. ಅಲ್ಲಿ ಕಚೇರಿಗೂ ಅವರಿಗೂ ಭಾಷೆ ಒಂದೇ ಆಗಿತ್ತು. ಒಂದೇ ಭಾಷೆ ಇರುವಲ್ಲೇ ಹೀಗಾದರೆ ನಮ್ಮಂಥ ಊರಿನಲ್ಲಿ ಎಷ್ಟು ಹೆಚ್ಚು ಎಚ್ಚರ ಬೇಕು ಎಂದು ನಾನು ತಮ್ಮನ್ನು ಕೇಳುತ್ತಿದ್ದೇನೆ.

ಇದು ಗಡಿಯ ಪತ್ರವಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಅಂದಿನ ಮೈಸೂರಿಗೆ ಸೇರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಹೇಳಿದ್ದೂ ಅದು ನಡೆಯದೆ ಹೋದದ್ದೂ ಎಲ್ಲರಿಗೂ ಗೊತ್ತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ, ಆ ನೋವನ್ನು ಕೊನೆಯವರೆಗೆ ಇಟ್ಟುಕೊಂಡೇ 2015ರಲ್ಲಿ ತೀರಿಹೋದರು. ನಾನು ಅವರ ಮಾತು ಕೇಳುತ್ತಾ ಬೆಳೆದವನು. ಆದರೆ ದೊಡ್ಡಮ್ಮನ ಅಡಿಕೆ ಬೂಸಲು ಹಿಡಿಯದೆ ಇರಲು ಗಡಿ ಬದಲಾಗಬೇಕಾಗಿಲ್ಲ. ಕೇರಳದ್ದೇ ಆದ 1969ರ ಅಧಿಕೃತ ಭಾಷಾ ಕಾಯ್ದೆ ಇದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಸಾರಿದ ಕಡೆಗಳಲ್ಲಿ ಕನ್ನಡಿಗರೂ ತಮಿಳರೂ ಸ್ಥಳೀಯ ಸರಕಾರಿ ಕಚೇರಿಗಳಿಗೂ ಸೆಕ್ರೆಟರಿಯೇಟಿಗೂ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಅದರಲ್ಲಿದೆ. ಸಂವಿಧಾನದ 350ನೇ ವಿಧಿ, ಯಾವ ಅಧಿಕಾರಿಗಾದರೂ ದೇಶದ ಅಥವಾ ರಾಜ್ಯದ ಯಾವ ಬಳಕೆಯ ಭಾಷೆಯಲ್ಲಾದರೂ ದೂರು ಹೇಳಿಕೊಳ್ಳುವ ಹಕ್ಕು ಕೊಟ್ಟಿದೆ. ಹಕ್ಕು ಇಲ್ಲವೆಂದು ನಾನು ಹೇಳುತ್ತಿಲ್ಲ. ಅರ್ಜಿ ಕೊಡುವವರೆಗೆ ಇರುವ ಹಕ್ಕು ಉತ್ತರ ಬರುವ ಹೊತ್ತಿಗೆ ಎಲ್ಲಿ ಹೋಗುತ್ತದೆ ಎಂದು ಕೇಳುತ್ತಿದ್ದೇನೆ.

ಕಚೇರಿಯಲ್ಲಿ ನಾನು ಕೇಳಿಸಿಕೊಂಡ ಉತ್ತರ ಯಾವಾಗಲೂ ಒಂದೇ: “ಅವರಿಗೆ ಮಲಯಾಳ ಬರುತ್ತದಲ್ಲ, ಈಗ ತಾನೇ ನನ್ನೊಡನೆ ಮಾತಾಡಿದರು.” ಹೌದು, ಮಾತಾಡಿದರು. ಏಳು ಭಾಷೆಯ ಈ ನಾಡಿನಲ್ಲಿ ಬಾಯಿಗೆ ಭಾಷೆಯ ಬಡತನವಿಲ್ಲ. ಬ್ಯಾರಿಯವರ ಅಂಗಡಿಯಲ್ಲಿ ಬ್ಯಾರಿ, ಕೊಂಕಣಿಯವರ ಮನೆಯಲ್ಲಿ ನಾಲ್ಕು ಕೊಂಕಣಿ ಮಾತು, ಬಸ್ಸಿನಲ್ಲಿ ಮಲಯಾಳ ಎಲ್ಲ ನಡೆಯುತ್ತದೆ. ಆದರೆ ಬಾಯಿಗೆ ಬರುವ ಭಾಷೆ ಬೇರೆ, ಕಣ್ಣಿಗೆ ಬರುವ ಭಾಷೆ ಬೇರೆ. ಕನ್ನಡ ಶಾಲೆಯಲ್ಲಿ ಕಲಿತವರ ಕಣ್ಣಿಗೆ ಬರುವುದು ಕನ್ನಡದ ಅಕ್ಷರ ಮಾತ್ರ. ಅವರ ಬಾಯಿಯ ಮಲಯಾಳವನ್ನು ಸಾಕ್ಷಿ ಹಿಡಿದು ಅವರ ಕಣ್ಣಿಗೆ ಮಲಯಾಳದ ಕಾಗದ ಒಡ್ಡುವುದು ಅನ್ಯಾಯ.

ಈ ಅನ್ಯಾಯ ಹೆಚ್ಚು ನೋಯಿಸುವ ಜಾಗ ಪೊಲೀಸ್ ಠಾಣೆ. ಕೇರಳದಲ್ಲಿ ಪೊಲೀಸರು ಗೃಹ ಇಲಾಖೆಯವರು, ನಗರಸಭೆಗೆ ಅವರ ಮೇಲೆ ಅಧಿಕಾರವಿಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ತಮಗೆ ಬರೆಯುತ್ತಿದ್ದೇನೆ. ಊರಿನ ಸಂಚಾರ ನಿಯಂತ್ರಣ ಸಮಿತಿಯಲ್ಲಿ ತಾವು ಅವರ ಜೊತೆ ಕೂರುತ್ತೀರಿ, ವಾರ್ಡುಗಳ ಜಾಗೃತಾ ಸಮಿತಿಗಳು ತಮ್ಮವು, 2008ರಲ್ಲಿ ಶುರುವಾದ ಜನಮೈತ್ರಿ ಸುರಕ್ಷಾ ಯೋಜನೆ ನಿಂತಿರುವುದು ಊರವರ ಮತ್ತು ಠಾಣೆಯ ನಡುವಿನ ಮಾತುಕತೆಯ ಮೇಲೆ.

ನಮ್ಮ ನೆರೆಕರೆಯ ಹಿರಿಯರೊಬ್ಬರ ತೋಟದ ಪಂಪು ಕಳವಾಯಿತು. ನಾನು ಜೊತೆಗೆ ಹೋಗಿದ್ದೆ, ಆದರೆ ಹೇಳಿಕೆ ಬರೆಸುವಾಗ ನನ್ನನ್ನು ಹೊರಗೆ ಕೂರಿಸಿದರು. ಗುರುವಾರ ಸಂಜೆ ನೀರು ಬಿಟ್ಟದ್ದು, ಶನಿವಾರ ಬೆಳಗ್ಗೆ ಹೋದಾಗ ಪಂಪು ಇಲ್ಲದ್ದು, ನಡುವೆ ಶುಕ್ರವಾರ ರಾತ್ರಿ ತೋಟದ ಕಣಿಯ ಹತ್ತಿರ ಒಂದು ಬೈಕು ನಿಂತದ್ದನ್ನು ಕಂಡದ್ದು, ಹೀಗೆ ಅವರು ತಮ್ಮ ಮಲಯಾಳದಲ್ಲಿ ಹೇಳಿದರು. ಬರೆದವರು ಬರೆದು ಗಡಗಡ ಓದಿದರು. ಇವರು ತಲೆಯಾಡಿಸಿದರು. ಕೊನೆಗೆ ‘ವಾಯಿಚ್ಚು ಕೇಟ್ಟು, ಶರಿ’ ಎಂಬಲ್ಲಿ ಸಹಿ. ಓದಿದ್ದನ್ನು ಕೇಳಿದೆ, ಸರಿಯಿದೆ ಎಂದು ಅದರ ಅರ್ಥ. ಪ್ರತಿಯನ್ನು ಮನೆಗೆ ತಂದು, ಮಲಯಾಳ ಕಲಿತ ಮೊಮ್ಮಗಳು ಓದಿದಾಗ ಗೊತ್ತಾಯಿತು: ಶನಿವಾರ ರಾತ್ರಿ ಕಳವಾಯಿತು ಎಂದು ಬರೆದಿತ್ತು, ಬೈಕಿನ ಸುದ್ದಿಯೇ ಇರಲಿಲ್ಲ. “ಅಜ್ಜ, ನೀವು ಹೀಗೆ ಹೇಳಿದ್ದೀರಾ?” ಎಂದು ಅವಳು ಕೇಳಿದಳು. ಅವರು ಕುರ್ಚಿಯಲ್ಲಿ ಸುಮ್ಮನೆ ಕೂತರು. ಯಾವ ಠಾಣೆ ಎಂದು ಇದಕ್ಕೂ ಹೆಸರು ಬೇಡ. ಬರೆದವರು ಬೇಕೆಂದು ಹಾಗೆ ಮಾಡಿದ್ದಲ್ಲ ಎಂದೇ ನಾನು ನಂಬಿದ್ದೇನೆ. ಮಾತು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ದಿನಗಳು ಜಾರಿಬಿದ್ದವು, ಹಿಡಿಯಲು ಯಾರೂ ಇರಲಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಬಾಯಿಮಾತಿನ ದೂರನ್ನು ಬರೆದುಕೊಂಡು ದೂರುದಾರರಿಗೆ ಓದಿ ಹೇಳಬೇಕು, ಸಹಿ ಪಡೆಯಬೇಕು, ಪ್ರತಿಯನ್ನು ಧರ್ಮಕ್ಕೆ ಕೊಡಬೇಕು. ಓದಿ ಹೇಳುವುದು ಏಕೆ? ಬರೆದದ್ದು ತನ್ನದೇ ಮಾತು ಹೌದೋ ಎಂದು ಆ ಮನುಷ್ಯ ತಾನೇ ತೂಗಿ ನೋಡಲಿ ಎಂದು. 1962ರಲ್ಲೇ ಹರಿಕಿಸನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವಿಷಯ ಇತ್ಯರ್ಥ ಮಾಡಿದೆ. ಮುಂಜಾಗ್ರತೆಯಾಗಿ ಬಂಧಿಸಿದ ಒಬ್ಬರಿಗೆ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ಅವರು ಹಿಂದಿಯಲ್ಲಿ ಕೇಳಿದರು, ಕೊಡಲಿಲ್ಲ. ಪೊಲೀಸ್ ಅಧಿಕಾರಿ ಬಾಯಲ್ಲಿ ಹೇಳಿದ್ದಾರೆ, ಅದು ಸಾಕು ಎಂದು ಸರಕಾರ ವಾದಿಸಿತು. ಸಾಲದು ಎಂದಿತು ನ್ಯಾಯಾಲಯ. ತಿಳಿಯುವ ಭಾಷೆಯಲ್ಲಿ, ತಿಳಿಯುವ ಲಿಪಿಯಲ್ಲಿ ಕೈಗೆ ಕೊಟ್ಟರೆ ಮಾತ್ರ ತಿಳಿಸಿದಂತೆ. 2025ರ ನವೆಂಬರಿನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಬಂಧನದ ಕಾರಣಗಳನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲೇ ಬರೆದು ಕೊಡಬೇಕು ಎಂದು ಅದೇ ನ್ಯಾಯಾಲಯ ಮತ್ತೆ ಹೇಳಿತು. ಬಂಧಿತರಿಗೆ ಸಿಗುವ ಈ ಮರ್ಯಾದೆ ದೂರು ಕೊಡಲು ಹೋದವರಿಗೂ ಸಿಗಬೇಡವೇ?

ಪಂಪಿನ ವಿಷಯದಲ್ಲಿ ಮೊಮ್ಮಗಳು ಓದಿದಳು, ಸರಿ. 2017ರ ಮಲಯಾಳ ಕಲಿಕೆಯ ಕಾಯ್ದೆ ಬಂದ ಮೇಲೆ ಮಕ್ಕಳಿಗೆ ಅಕ್ಷರ ಬರುತ್ತದೆ, ಇನ್ನೇನು ತೊಂದರೆ ಎಂದು ಕೆಲವರು ಹೇಳುತ್ತಾರೆ. ಗಂಡ ಹೊಡೆಯುತ್ತಾನೆ ಎಂದು ದೂರು ಕೊಟ್ಟು ಬಂದ ತಾಯಿ ಆ ಪ್ರತಿಯನ್ನು ಯಾರಿಂದ ಓದಿಸಿಕೊಳ್ಳಬೇಕು? ಏಳನೇ ಕ್ಲಾಸಿನ ಮಗನಿಂದಲೇ? ನಾನು ಈ ಪ್ರಶ್ನೆಯನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಒಂದು ಮುಖ ಇದೆ. ಅವರು ಆ ಕಾಗದವನ್ನು ಅಕ್ಕಿ ಡಬ್ಬದ ಅಡಿಯಲ್ಲಿ ಇಟ್ಟಿದ್ದರು, ಓದಿಸದೆ, ಎಂಟು ತಿಂಗಳು.

ಇಂಥ ಲೋಪಗಳನ್ನು ಹಿಡಿಯಬೇಕಾದದ್ದು ಕಚೇರಿ ಮತ್ತು ಠಾಣೆಗಳ ಗುಣಮಟ್ಟದ ಪರೀಕ್ಷೆ. ಈಗ ಆ ಪ್ರಮಾಣಪತ್ರದ ವಿಷಯ. ಅಮೆರಿಕದಲ್ಲಿ ಪೊಲೀಸರು ಹೆಚ್ಚಾಗಿ ಆಯಾ ಊರಿನ ನಗರಸಭೆಯ ಕೈಕೆಳಗೆ. 1979ರಿಂದ ಅಲ್ಲಿ ಪೊಲೀಸ್ ಇಲಾಖೆಗಳಿಗೆ ಮಾನ್ಯತೆ ಕೊಡುವ ಒಂದು ಆಯೋಗವಿದೆ. ಲಿಖಿತ ಮಾನದಂಡಗಳ ಪಟ್ಟಿ ಹಿಡಿದು ಬಂದು ಒಂದೊಂದನ್ನೂ ಪರೀಕ್ಷಿಸುತ್ತಾರೆ, ಮಾನ್ಯತೆ ಕೆಲವೇ ವರ್ಷಕ್ಕೆ, ಆಮೇಲೆ ಮತ್ತೆ ಪರೀಕ್ಷೆ. ನಮ್ಮಲ್ಲಿ ಅಂಥದ್ದಿಲ್ಲ. ಕೇಂದ್ರ ಗೃಹ ಸಚಿವಾಲಯ ವರ್ಷವರ್ಷ ಒಳ್ಳೆಯ ಠಾಣೆಗಳ ಪಟ್ಟಿ ಮಾಡುತ್ತದೆ. ಕೇರಳದ ಪಂಚಾಯತುಗಳೂ ಠಾಣೆಗಳೂ ಐಎಸ್‌ಒ 9001 ಪ್ರಮಾಣಪತ್ರ ಪಡೆದು ಬಾಗಿಲಲ್ಲಿ ಫಲಕ ಹಾಕುತ್ತವೆ. ಅದರಿಂದ ಒಳ್ಳೆಯದೇ ಆಗಿದೆ. ಕೂರಲು ಬೆಂಚು ಬಂತು, ಕುಡಿಯುವ ನೀರು ಬಂತು, ಕಡತಗಳು ಕಪಾಟಿಗೆ ಏರಿದವು. ನಾನು ಕೆಲಸಕ್ಕೆ ಸೇರಿದ ಕಾಲದ ಕಚೇರಿಗಳನ್ನು ಕಂಡವರಿಗೆ ಇದು ಸಣ್ಣ ಬದಲಾವಣೆ ಅಲ್ಲ.

ಆದರೆ ಆ ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ ಸೇವೆ ಪಡೆಯುವವರೊಂದಿಗಿನ ಸಂವಹನ ಎಂಬ ಭಾಗವೇ ಒಂದು ಇದೆ. ಸೇವೆಯ ಮಾಹಿತಿ ಕೊಡುವುದು, ವಿಚಾರಣೆಗೆ ಉತ್ತರಿಸುವುದು, ದೂರು ಸೇರಿದಂತೆ ಅವರ ಅಭಿಪ್ರಾಯ ಪಡೆಯುವುದು ಅದರಡಿ ಬರುತ್ತದೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಒಂದು ಕಚೇರಿಯನ್ನು ಪರೀಕ್ಷಿಸಲು ಬಂದವರು ಬೆಂಚು ಎಣಿಸಿ, ಟೋಕನ್ ಯಂತ್ರ ನೋಡಿ, ಕನ್ನಡದಲ್ಲಿ ನೋಟೀಸು ಹೋಗುತ್ತದೋ ಎಂದು ಕೇಳದೆ ಹೋದರೆ ಆ ಪರೀಕ್ಷೆ ಅಪೂರ್ಣ. ಹಾಗೆ ಕೇಳಿಸುವುದು ತಮ್ಮಿಂದ ಆಗುವ ಕೆಲಸ. ತಮ್ಮದೇ ಕಚೇರಿಯ ಗುಣಮಟ್ಟದ ಕೈಪಿಡಿಯಲ್ಲಿ ಆ ಸಾಲು ಸೇರಿಸಿ. ಠಾಣೆಗಳಿಗೂ ಅದೇ ಅಳತೆ ಇರಲಿ ಎಂದು ಕೌನ್ಸಿಲಿನಲ್ಲಿ ನಿರ್ಣಯ ಮಾಡಿ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಕಳಿಸಿ. 2020ರ ಡಿಸೆಂಬರಿನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಎಲ್ಲ ಠಾಣೆಗಳಲ್ಲೂ ಧ್ವನಿ ಸಹಿತ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಕ್ಯಾಮೆರಾ ಆ ಹಿರಿಯರ ಶುಕ್ರವಾರ ರಾತ್ರಿಯನ್ನು ದಾಖಲಿಸಿರಲೂಬಹುದು. ಅವರು ಸಹಿ ಹಾಕಿದ ಕಾಗದದಲ್ಲಿ ಅದು ಇರಲಿಲ್ಲ.

ನಗರಸಭೆಯಿಂದ ನಾನು ಕೇಳುವುದು ಹೆಚ್ಚಿನ ಹಣದ ಕೆಲಸವಲ್ಲ. ಕಟ್ಟಡ ವಿಭಾಗದಿಂದ ಹೊರಡುವ ಕಾಗದಗಳ ನಮೂನೆಗಳು ಬೆರಳೆಣಿಕೆಯವು: ಕೆಲಸ ನಿಲ್ಲಿಸುವ ಮೆಮೊ, ಕಾರಣ ಕೇಳುವ ನೋಟೀಸು, ತಾತ್ಕಾಲಿಕ ಆದೇಶ, ಖಾಯಂ ಆದೇಶ, ಸಕ್ರಮದ ಅರ್ಜಿ, ಪರ್ಮಿಟ್, ವಾಸಯೋಗ್ಯ ಪತ್ರ, ಮನೆ ನಂಬ್ರದ ಪತ್ರ. ಇವುಗಳನ್ನು ಒಮ್ಮೆ ಒಳ್ಳೆಯ ಕನ್ನಡಕ್ಕೆ ತಂದಿಟ್ಟರೆ ಆಮೇಲೆ ಹೆಸರು, ಸರ್ವೆ ನಂಬ್ರ, ದಿನಾಂಕ ತುಂಬುವುದಷ್ಟೇ. ಅರ್ಜಿಯ ಮೊದಲ ಪುಟದಲ್ಲಿ ‘ನನಗೆ ಉತ್ತರ ಈ ಭಾಷೆಯಲ್ಲಿ ಬೇಕು’ ಎಂಬ ಒಂದು ಚೌಕ ಇರಲಿ, ಕೆ-ಸ್ಮಾರ್ಟಿನಲ್ಲೂ ಇರಲಿ, ಅದಕ್ಕೆ ಗುರುತು ಹಾಕಿದವರಿಗೆ ಎರಡೂ ಭಾಷೆಯಲ್ಲಿ ಕಾಗದ ಹೋಗಲಿ. ಗಡುವಿನ ದಿನ ಕನ್ನಡದ ಪ್ರತಿ ಕೈಸೇರಿದಂದಿನಿಂದ ಎಣಿಸಲಿ. ಕೆಲಸಕ್ಕೆ ಜನ ಇಲ್ಲವೆನ್ನಬೇಡಿ. ಕನ್ನಡ–ಮಲಯಾಳ ಬಲ್ಲವರೆಂದೇ ನೇಮಕವಾದವರನ್ನು ಜನನ–ಮರಣದ ಕೌಂಟರಿನಲ್ಲಿ ಕೂರಿಸಿ ಕಟ್ಟಡ ವಿಭಾಗದಲ್ಲಿ ಕನ್ನಡ ಬಲ್ಲವರಿಲ್ಲ ಎಂದು ಹೇಳಿದ್ದನ್ನು ನಾನು ಸೇವೆಯಲ್ಲಿದ್ದಾಗ ಕಣ್ಣಾರೆ ಕಂಡಿದ್ದೇನೆ.

ಕನ್ನಡಕ್ಕೆ ತರುವಾಗ ಮಲಯಾಳದ ಸಂಸ್ಕೃತ ಪದಗಳನ್ನು ಹಾಗೆಯೇ ಕನ್ನಡ ಲಿಪಿಗೆ ಇಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಹಾಗೆ ಇಳಿಸಿದ ಫಲಕಗಳನ್ನು ನೋಡಿದ್ದೇನೆ. ಅಪೇಕ್ಷೆ ಎಂದರೆ ನಮಗೆ ಬಯಕೆ, ಅವರಿಗೆ ಅರ್ಜಿ. ಅವಸರದ ಕತೆ ಮೇಲೆ ಹೇಳಿದೆ. ಅನುವಾದ ಎಂಬ ಮಾತನ್ನೇ ನೋಡಿ. ಮಲಯಾಳದಲ್ಲಿ ‘ಅನುವಾದಂ’ ಎಂದರೆ ಅನುಮತಿ, ಒಪ್ಪಿಗೆ. ಕನ್ನಡದಲ್ಲಿ ಅದು ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ದಾಟಿಸುವುದು. ಕಚೇರಿಯವರು ನಮ್ಮಿಂದ ಕೇಳುವುದು ಅವರ ಅರ್ಥದ ಅನುವಾದವನ್ನು. ಅದನ್ನು ಪಡೆದುಕೊಳ್ಳಲು ನಾವು ಸಿದ್ಧ, ಅದಕ್ಕೆ ಮೊದಲು ನಮ್ಮ ಅರ್ಥದ ಅನುವಾದ ನಮಗೆ ಕೊಡಿ.

ಈ ಮಾತನ್ನು ನಾನು ಕನ್ನಡಿಗನೆಂಬ ಪಕ್ಷಪಾತದಿಂದ ಬರೆದದ್ದಲ್ಲ. ತಲಪಾಡಿಯ ಆಚೆ ಮಂಗಳೂರಿನಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಮಲಯಾಳಿ ಕುಟುಂಬಗಳು ಮನೆ ಕಟ್ಟಿಕೊಂಡಿವೆ. ಕನ್ನಡ ಮಾತಾಡುವ, ಕನ್ನಡ ಓದಲು ಬಾರದ ಹಿರಿಯರು ಅಲ್ಲೂ ಇದ್ದಾರೆ. ಪೂರ್ತಿ ಕನ್ನಡದಲ್ಲಿರುವ ನೋಟೀಸು ಅವರ ಕೈಯಲ್ಲೂ ನಡುಗುತ್ತದೆ. ಅಲ್ಲಿನ ಪಾಲಿಕೆಗೂ ನಾನು ಇದೇ ಪತ್ರವನ್ನು ಬರೆಯಬಲ್ಲೆ, ಬರೆಯುತ್ತೇನೆ.

ದೊಡ್ಡಮ್ಮನ ಕೊಟ್ಟಿಗೆಯ ಮುರಕಲ್ಲುಗಳು ಬಾವಿಕಟ್ಟೆಯ ಹತ್ತಿರ ಅಡುಕಿಟ್ಟಲ್ಲೇ ಇವೆ. ಹಾವಸೆ ಹಿಡಿದಿದೆ, ಕಲ್ಲು ಗಟ್ಟಿಯಾಗಿಯೇ ಇದೆ. ಬಾವಿಯಿಂದ, ರಸ್ತೆಯಿಂದ, ನೆರೆಯವರ ಗಡಿಯಿಂದ ಎಷ್ಟೆಷ್ಟು ದೂರ ಎಂದು ಓವರ್ಸಿಯರ್ ಹುಡುಗ ಟೇಪು ಹಿಡಿದು ಅಳೆದು, ನೆಲದಲ್ಲಿ ನಾಲ್ಕು ಗೂಟ ಹೊಡೆದು ಹೋಗಿದ್ದಾನೆ. ಹೊಸದಾಗಿ ಕಟ್ಟಲು ಅರ್ಜಿಯನ್ನು ನಾನು ಕನ್ನಡದಲ್ಲಿ ಬರೆದೆ, ದೊಡ್ಡಮ್ಮ ಎರಡು ಸಲ ಓದಿ, ಒಂದು ಕಾಗುಣಿತ ತಿದ್ದಿ, ಸಹಿ ಹಾಕಿದರು. ಮೇಲ್ಗಡೆ ತಮ್ಮದೇ ಕೈಯಲ್ಲಿ ‘ಉತ್ತರ ಕನ್ನಡದಲ್ಲಿ ಕೊಡಬೇಕಾಗಿ ವಿನಂತಿ’ ಎಂದು ಬರೆದಿದ್ದಾರೆ. ಅಂಚೆಯವರು ಬರುವ ಹೊತ್ತಿಗೆ ಜಗಲಿಯಲ್ಲಿ ಕೂತಿರುತ್ತಾರೆ.

ಇತಿ,
ತಮ್ಮ ವಿಶ್ವಾಸಿ,
ಕಾಸರಗೋಡಿನ ಒಬ್ಬ ನಿವೃತ್ತ ಗುಮಾಸ್ತ